ವಾಲಿದ ಕತ್ತಿನ ಕೂಸು: ಕಾದು ನೋಡುವುದೋ, ಕೂಡಲೇ ತೊಡಗುವುದೋ

ಹಸುಗೂಸಿನ ತಲೆ ಸದಾ ಒಂದು ಕಡೆಗೆ ವಾಲಿ, ಗದ್ದ ಇನ್ನೊಂದು ಕಡೆಗೆ ತಿರುಗಿರುತ್ತದೆ ಎಂದು ತಿಳಿಸಿದರೆ, ಕರ್ನಾಟಕದಿಂದ ದೂರವಿರುವ ನನ್ನಂಥವರಿಗೆ ಬಂಧುಗಳು ಫೋನಿನಲ್ಲಿ ಹೇಳುವುದು "ಕತ್ತು ನಿಂತ ಮೇಲೆ ತಾನಾಗಿಯೇ ಸರಿಹೋಗುತ್ತದೆ" ಎಂದು. ಮಕ್ಕಳ ಫಿಸಿಯೋಥೆರಪಿಸ್ಟರು ಹೇಳುವುದು, ಕಾಯದೆ ಇಂದೇ ತೊಡಗಿ ಎಂದು. ಮೊದಲ ಮಾತಿನ ಹಿಂದಿರುವ ಪ್ರೀತಿಯನ್ನು ಬಲ್ಲೆನಾದರೂ ನಾನು ಎರಡನೆಯದರ ಪರ.

ಕಿವಿಯ ಹಿಂದಿನ ಎಲುಬಿನಿಂದ ಎದೆಮೂಳೆ ಹಾಗೂ ಕಾಲರ್ ಮೂಳೆಗೆ ಇಳಿಯುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಸ್ನಾಯು ಒಂದು ಬದಿಯಲ್ಲಿ ಬಿಗಿದು ಗಿಡ್ಡವಾಗಿರುವುದೇ ಈ ತೊಂದರೆ. ವೈದ್ಯರು ಇದನ್ನು ಟಾರ್ಟಿಕಾಲಿಸ್ ಎನ್ನುತ್ತಾರೆ. ಕೆಲವು ಕೂಸುಗಳಿಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಆ ಸ್ನಾಯುವಿನೊಳಗೆ ಗಂಟೊಂದು ಕೈಗೆ ಸಿಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರಗುತ್ತದೆ. ಆದರೆ ಗಂಟು ಕರಗಿತೆಂದರೆ ಬಿಗಿತವೂ ಹೋಯಿತೆಂದು ಅರ್ಥವಲ್ಲ.

ಕಾಯುವುದರಿಂದ ಆಗುವ ನಷ್ಟ ಸಣ್ಣದಲ್ಲ. ಅಮೆರಿಕದ ಮಕ್ಕಳ ಫಿಸಿಯೋಥೆರಪಿ ತಜ್ಞರು 2013ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ತಿಂಗಳು ತುಂಬುವ ಮೊದಲೇ ಚಿಕಿತ್ಸೆ ಶುರುವಾದರೆ ಸುಮಾರು 98% ಕೂಸುಗಳ ಕತ್ತು ಒಂದೂವರೆ ತಿಂಗಳಲ್ಲಿ ಎಲ್ಲ ಕಡೆಗೂ ಸರಾಗವಾಗಿ ತಿರುಗುತ್ತದೆ. ತಿಂಗಳು ದಾಟಿದರೆ ಅದಕ್ಕೆ ಆರು ತಿಂಗಳಷ್ಟು ಹಿಡಿಯಬಹುದು, ಕೂಸಿಗೆ ಆರು ತಿಂಗಳು ದಾಟಿದ ಮೇಲೆ ತೊಡಗಿದರೆ ಇನ್ನೂ ಹೆಚ್ಚು. ಬೆಳೆದ ಮಗು ಕೊಸರಾಡುತ್ತದೆ, ಸ್ನಾಯುವನ್ನು ಹಿಗ್ಗಿಸಲು ಬಿಡುವುದಿಲ್ಲ. ಈ ನಡುವೆ ಒಂದೇ ಮಗ್ಗುಲಿಗೆ ತಲೆಯಿಟ್ಟು ಮಲಗಿ ಮೆತ್ತನೆಯ ಬುರುಡೆ ಅಲ್ಲಿ ಚಪ್ಪಟೆಯಾಗುತ್ತದೆ, ಮುಖದ ಎರಡು ಬದಿಗಳಲ್ಲೂ ವ್ಯತ್ಯಾಸ ಕಾಣಿಸಬಹುದು.

ಈ ಚಿಕಿತ್ಸೆಯ ಹೆಚ್ಚಿನ ಪಾಲು ನಡೆಯುವುದು ಮನೆಯಲ್ಲಿ, ಹೆತ್ತವರ ಕೈಯಲ್ಲಿ. ನನಗೆ ಬಹಳ ಮೆಚ್ಚುಗೆಯಾಗಿರುವುದೂ ಇದೇ. ತಲೆಯನ್ನು ಬಿಗಿಯಿಲ್ಲದ ಹೆಗಲಿನತ್ತ ಮೆಲ್ಲನೆ ಬಾಗಿಸುವುದು, ಮುಖವನ್ನು ಬಿಗಿಯಿರುವ ಬದಿಗೆ ತಿರುಗಿಸುವುದು, ಇವೆರಡನ್ನೂ ಫಿಸಿಯೋಥೆರಪಿಸ್ಟರ ಎದುರಿನಲ್ಲಿ ಕಲಿತು, ಕೂಸು ಪ್ರತಿರೋಧಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಕಲಿಯದವರು ಕತ್ತನ್ನು ಎಳೆದು ತಿರುಚುವುದನ್ನು ನಾನು ಎಂದಿಗೂ ಒಪ್ಪಲಾರೆ, ಎಷ್ಟೇ ಅನುಭವಸ್ಥರಾಗಿರಲಿ. ಹಾಲೂಡಿಸುವಾಗ, ಎತ್ತಿಕೊಳ್ಳುವಾಗ, ಮಾತಾಡಿಸುವಾಗ, ಕೂಸು ತಾನಾಗಿಯೇ ಬಿಗಿಯಿರುವ ಕಡೆಗೆ ತಿರುಗುವಂತೆ ನಾವು ಜಾಗ ಬದಲಿಸಿಕೊಳ್ಳಬೇಕು. ಎಚ್ಚರವಾಗಿರುವಾಗ ನಮ್ಮ ಕಣ್ಣೆದುರಿಗೆ ಬೋರಲು ಮಲಗಿಸಬೇಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ. ತಲೆ ಚಪ್ಪಟೆಯಾದೀತೆಂಬ ಭಯಕ್ಕೆ ಈ ನಿಯಮವನ್ನು ಸಡಿಲಿಸಕೂಡದು, ಏಕೆಂದರೆ ನಿದ್ದೆಯಲ್ಲಿ ಸಂಭವಿಸುವ ಹಠಾತ್ ಶಿಶುಮರಣವನ್ನು ತಗ್ಗಿಸಿದ್ದು ಇದೇ.

ಆದರೆ ವ್ಯಾಯಾಮಕ್ಕೂ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು. ಕತ್ತಿನ ಮೂಳೆಗಳ ಜನ್ಮಜಾತ ದೋಷದಿಂದಲೂ, ಕಣ್ಣಿನ ಸ್ನಾಯುವಿನ ದೌರ್ಬಲ್ಯದಿಂದಲೂ ತಲೆ ವಾಲಬಹುದು. ಅಲ್ಲಿ ಹಿಗ್ಗಿಸುವಿಕೆ ಉಪಯೋಗಕ್ಕೆ ಬಾರದು, ಮೂಳೆಯ ದೋಷವಿದ್ದರೆ ಅಪಾಯವೂ ಆದೀತು. ಕತ್ತಿನ ಸ್ನಾಯು ಬಿಗಿದ ಕೆಲವು ಕೂಸುಗಳಿಗೆ ಸೊಂಟದ ಕೀಲಿನ ತೊಂದರೆಯೂ ಜೊತೆಗಿರುವುದರಿಂದ ಅದನ್ನೂ ನೋಡಿಸಬೇಕು.

ವರ್ಷ ತುಂಬಿದರೂ ಬಿಗಿತ ಉಳಿಯುವ ಕೆಲವೇ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ. ಉಳಿದವರಲ್ಲೂ, ಕತ್ತು ನೆಟ್ಟಗಾಯಿತೆಂದು ವ್ಯಾಯಾಮ ನಿಲ್ಲಿಸಿದ ಮೇಲೆ, ಮಗು ನಡೆಯಲು ಕಲಿಯುವ ಹೊತ್ತಿಗೆ ಇನ್ನೊಮ್ಮೆ ತೋರಿಸಿ, ವಾಲಿಕೆ ಮರಳಿದೆಯೇ, ಎರಡೂ ಕೈಗಳನ್ನು ಸಮನಾಗಿ ಬಳಸುತ್ತಿದೆಯೇ ಎಂದು ನೋಡಿಸಿಕೊಳ್ಳಬೇಕು.