ಬಿರುಕಿಗೆ ಬಲ್ಬೇ ಮದ್ದು

ದಸರಾ ಟೈಮಲ್ಲಿ ರಾತ್ರಿ ಹೊತ್ತು ಮೈಸೂರು ಸುತ್ತಬೇಕು ಅನ್ನುವವರಿಗೆ ಒಂದು ಕಿವಿಮಾತು. ಕತ್ತು ಮೇಲೆತ್ತಿಕೊಂಡೇ ನಡೆಯಿರಿ. ಮೇಲೆ ಕರೆಂಟು ಕಂಪನಿ ಚೆಸ್ಕಾಂನವರು ನೂರು ಕಿಲೋಮೀಟರಿಗೂ ಜಾಸ್ತಿ ರಸ್ತೆಗೆ ದೀಪದ ಸರ ಕಟ್ಟಿರುತ್ತಾರೆ. ನವಿಲು, ಆನೆ, ಸಂಸತ್ ಭವನ ಎಲ್ಲಾ ಬಲ್ಬಿನಲ್ಲೇ ಮಿನುಗುತ್ತವೆ. ಕೆಳಗೆ ಇರುವುದು ಫುಟ್‌ಪಾತು, ಇದ್ದರೆ. ಪಕ್ಕದಲ್ಲಿ ಇರುವುದು ಪಾರಂಪರಿಕ ಕಟ್ಟಡ. ಅದೂ ಅಷ್ಟೇ, ಇದ್ದರೆ.

ಸಯ್ಯಾಜಿರಾವ್ ರಸ್ತೆಯಲ್ಲಿ ರಾತ್ರಿ ಹತ್ತಾದರೂ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರೆ. ಚುರುಮುರಿ ಗಾಡಿ ಹತ್ತಿರ ನಿಲ್ಲೋಣ ಅಂದುಕೊಂಡರೆ ಗಾಡಿ ಹಿಂದೆ ಹೋಗಿರುತ್ತದೆ. ಮಕ್ಕಳ ತಲೆ ಮೇಲೆ ಮಿಣಮಿಣ ಮಿನುಗುವ ಕೊಂಬು, ಬಾಯಲ್ಲಿ ಪೀಪಿ. ಟ್ರಾಫಿಕ್ ಪೊಲೀಸರ ಬಾಯಲ್ಲಿ ಸೀಟಿ. ಯಾವುದು ಪೀಪಿ, ಯಾವುದು ಸೀಟಿ ಅಂತ ಯಾರಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೂ ಟ್ರಾಫಿಕ್ಕಿಗೆ ಏನೂ ವ್ಯತ್ಯಾಸ ಆಗುವುದಿಲ್ಲ ಬಿಡಿ.

ಬ್ಯಾರಿಕೇಡ್ ಪಕ್ಕ ಮಂಡ್ಯ ಕಡೆಯ ಒಂದು ಸಂಸಾರ ನಿಂತಿತ್ತು. ಅಜ್ಜಿ, ಸೊಸೆ, ಹೆಗಲ ಮೇಲೆ ನಿದ್ದೆ ಹೋದ ಕೂಸು.

"ಸಾ, ಅರಮನೆಗೆ ಯಾವ್ ಕಡೆ?"

"ಅಗೋ, ಎದುರಿಗೇ ಕಾಣ್ತಿದೆಯಲ್ರೀ."

"ಕಾಣ್ತದೆ ಸಾ. ಹೋಗದು ಹೆಂಗೆ?"

"ಹಿಂದಕ್ಕೆ ಹೋಗಿ, ಸುತ್ಕೊಂಡು ಬನ್ನಿ."

ಅವರು ಸುತ್ಕೊಂಡು ಬರುವ ಹೊತ್ತಿಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬೂ ಒಂದೇ ಏಟಿಗೆ ಆರಿದವು. "ಅಯ್ಯೋ" ಅಂತ ಇಡೀ ರಸ್ತೆ ರಾಗ ಎಳೆಯಿತು. ಆಟೋದವರ ಮುಖ ಮಾತ್ರ ಆಗಲೇ ಬೆಳಗಿದ್ದು. "ದಸರಾ ಸಾರ್, ಮೀಟ್ರು ಗೀಟ್ರು ಕೇಳ್ಬೇಡಿ."

ಕರೆಂಟಿನ ವಿಷಯದಲ್ಲಿ ನಮ್ಮೂರು ಹಳೇ ಕುಳ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1908ಕ್ಕೆಲ್ಲ ಮೈಸೂರಿಗೂ ಬಂತು. ಆಗಿನವರು ಪಾಪ, ದೀಪ ಹಚ್ಚಿದರೆ ಕಣ್ಣು ಕಾಣುತ್ತದೆ ಅಂದುಕೊಂಡಿದ್ದರು. ದೀಪ ಸಾಕಷ್ಟು ಜೋರಾಗಿದ್ದರೆ ಏನೂ ಕಾಣುವುದಿಲ್ಲ ಅನ್ನುವುದನ್ನು ಕಂಡುಹಿಡಿದವರು ಈಗಿನವರು.

ಇದಕ್ಕೆ ಪುರಾವೆ ಬೇಕಿದ್ದರೆ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಬನ್ನಿ. ಅಲ್ಲೇ ದೇವರಾಜ ಮಾರುಕಟ್ಟೆ ಇದೆ. ಹೂವು, ವೀಳ್ಯದೆಲೆ, ನಂಜನಗೂಡು ರಸಬಾಳೆಯ ಮಾರುಕಟ್ಟೆ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು. ಹಾಗೇ ಸ್ವಲ್ಪ ಮುಂದೆ ಲ್ಯಾನ್ಸ್‌ಡೌನ್ ಕಟ್ಟಡ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಕಟ್ಟಿಸಿದ್ದು. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಜಾಗ. 2012ರಲ್ಲಿ ಅದರ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. ಆಮೇಲೆ ಏನಾಯಿತು ಅಂದರೆ ಸಮಿತಿ ಆಯಿತು. ರಿಪೇರಿ ಮಾಡಿದರೆ ಸಾಕು ಅಂದರು ಕೆಲವರು. ಕೆಡವಿ ಹಳೇ ಥರವೇ ಹೊಸದು ಕಟ್ಟಿ ಅಂದರು ಇನ್ನು ಕೆಲವರು. ವಿಷಯ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಒಂದು ದಶಕದ ಮೇಲಾಯಿತು. ಈ ನಡುವೆ ಗೋಡೆಯ ಅರಳಿ ಗಿಡ ಯಾವ ವರದಿಗೂ ಕಾಯದೆ ಬೆಳೆದುಕೊಂಡಿತು.

ಲ್ಯಾನ್ಸ್‌ಡೌನ್ ಕಟ್ಟಡದ ಬಾಗಿಲು ಮುಚ್ಚಿದೆ, ಕೆಲಸ ನಿಂತಿದೆ. ಆದರೆ ದಸರಾ ನಿಲ್ಲುವುದಿಲ್ಲವಲ್ಲ. ಎದುರಿನ ರಸ್ತೆಗೆ ಸಾಲು ದೀಪ ಬರುತ್ತದೆ. ಹೊರಗಿನಿಂದ ಬಂದವರು ಅದರ ಕೆಳಗೆ ಸೆಲ್ಫಿ ತೆಗೆದುಕೊಂಡು, "ಹೆರಿಟೇಜ್ ಸಿಟಿ ಅಂದ್ರೆ ಇದಪ್ಪಾ!" ಅಂತ ಸ್ಟೇಟಸ್ ಹಾಕುತ್ತಾರೆ. ಫೋಟೋದಲ್ಲಿ ಬೆಳಕು ಬಿಳುಚಿಕೊಂಡು ಹಿಂದಿನ ಬಿರುಕು ಮಾಯ. ಗಾರೆ ಇಲ್ಲ, ಸುಣ್ಣ ಇಲ್ಲ, ಎಂಜಿನಿಯರ್ ಅಂತೂ ಬೇಕೇ ಇಲ್ಲ. ಇಷ್ಟು ಅಗ್ಗದ ರಿಪೇರಿ ಬೇರೆ ಯಾವ ಊರಿನವರಿಗಾದರೂ ಹೊಳೆದಿದೆಯಾ?

ಸಾಯಂಕಾಲದ ಸಭೆಗಳಲ್ಲಿ ಪರಂಪರೆಯ ಬಗ್ಗೆ ಭಾಷಣಕ್ಕೇನೂ ಬರ ಇಲ್ಲ. ಹಾರ, ಶಾಲು, ಪೇಟ. ಪೇಟ ಕಣ್ಣಿನ ತನಕ ಇಳಿಯುವುದು ಬರೀ ಅಳತೆ ತಪ್ಪಿ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಸುಮ್ನೆ ಗೊಣಗುವುದಕ್ಕಿಂತ ದೀಪಾಲಂಕಾರದವರಿಗೆ ಒಂದು ಸಲಹೆ ಕೊಡುತ್ತೇನೆ. ಮುಂದಿನ ದಸರೆಗೆ ಈ ಎರಡು ಕಟ್ಟಡಗಳ ಅಂಚಿಗೂ ಬಲ್ಬಿನ ಸರ ಬಿಡಿ, ಅರಮನೆಗೆ ಬಿಟ್ಟಂತೆ. ಗೋಡೆ ಬಿದ್ದಿರುವ ಕಡೆ ಎರಡು ಕಂಬ ನೆಟ್ಟು ಎಳೆದರಾಯಿತು. ಕಮಾನಿಗೆ ತಂತಿ ಬಗ್ಗಿಸಿ. ಚಾಮುಂಡಿ ಬೆಟ್ಟದ ಮೇಲಿಂದ ನೋಡುವವರಿಗೆ ಎರಡೂ ಗಟ್ಟಿಮುಟ್ಟಾಗಿ ನಿಂತಿರುತ್ತವೆ. ಆಮೇಲೆ ಪೂರ್ತಿ ಬಿದ್ದರೂ ಚಿಂತೆ ಇಲ್ಲ, ಕಂಬ ಎರಡರ ಬದಲು ನಾಲ್ಕಾಗುತ್ತದೆ ಅಷ್ಟೇ. ಟೆಂಡರಿನಲ್ಲಿ ಈಗಲೇ ಎಂಟು ಅಂತ ಬರೆದುಕೊಂಡುಬಿಡಿ, ಒಳ್ಳೇದು.