ಕುದುರೆಯ ಬಾಲದ ಕೂದಲು ಉದುರಿದರೆ ಸೆಲೆನಿಯಂ ಹೆಚ್ಚಿಸಬೇಡಿ

‘ಬಾಲದ ಕೂದಲು ಉದುರಿದರೆ ಸೆಲೆನಿಯಂ ಪುಡಿ ಜಾಸ್ತಿ ಮಾಡಿ’ ಎಂಬ ಸಂದೇಶ ಪುಣೆ, ಮುಂಬೈ ಲಾಯಗಳ ನಮ್ಮವರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪೂರ್ತಿ ತಲೆಕೆಳಗಾದ ಸಲಹೆ. ಸೆಲೆನಿಯಂ ಮೈಗೆ ಅತ್ಯಲ್ಪ ಸಾಕಾಗುವ ಖನಿಜ, ಹೆಚ್ಚಾದರೆ ವಿಷ. ಜೂಲು, ಬಾಲದ ಕೂದಲು ತುಂಡಾಗಿ ಉದುರುವುದು, ಗೊರಸಿನ ಮೇಲಂಚಿನ ಕೆಳಗೆ ಅಡ್ಡಬಿರುಕು, ಕುಂಟುವಿಕೆ, ಇವು ಒಟ್ಟಿಗೆ ಕಂಡರೆ ಸೆಲೆನಿಯಂ ಹೆಚ್ಚಾಗಿದೆಯೇ ಎಂದೇ ಮೊದಲು ಅನುಮಾನಿಸಬೇಕು. 500 ಕಿಲೋ ಕುದುರೆಗೆ ದಿನಕ್ಕೆ ಬೇಕಾದದ್ದು ಸುಮಾರು 1 ಮಿಲಿಗ್ರಾಂ. ಎರಡು ಮೂರು ಡಬ್ಬಿಯ ಪುಡಿ ಬೆರೆಸುವವರು ಲೇಬಲ್‌ಗಳ ಲೆಕ್ಕ ಕೂಡಿಸುವುದೇ ಇಲ್ಲ!

ಪುಡಿ ನಿಲ್ಲಿಸಿ, ಮೇವು ಬದಲಿಸಿ. ಪಶುವೈದ್ಯರಿಂದ ರಕ್ತ, ಮೇವು ಎರಡನ್ನೂ ಪರೀಕ್ಷೆ ಮಾಡಿಸಿ. ಮೇವು ಎಲ್ಲಿಯದೆಂದೂ ಕೇಳಿ: ಪಂಜಾಬಿನ ನವಾಂಶಹರ, ಹೋಶಿಯಾರ್‌ಪುರ ಭಾಗದ ಕೆಲವು ಹೊಲಗಳ ಮಣ್ಣಲ್ಲೇ ಸೆಲೆನಿಯಂ ಹೆಚ್ಚು. ಸೆಲೆನಿಯಂ ವಿಷಕ್ಕೆ ಪ್ರತಿವಿಷವಿಲ್ಲ. ಹೊಸ ಗೊರಸು ಪೂರ್ತಿ ಬೆಳೆದು ಇಳಿಯಲು 9ರಿಂದ 12 ತಿಂಗಳು ಬೇಕು. ಅಲ್ಲಿಯವರೆಗೆ ಬಿರುಕಿನ ಸಡಿಲ ಅಂಚನ್ನು ಲಾಳ ಹೊಡೆಯುವವರಿಂದ ಆಗಾಗ ತೆಗೆಸುತ್ತಿರಿ.