ಒಣಗದ ಸಂಸಾರ

ಸಿಂಗಪುರಕ್ಕೆ ಸಂಸಾರ ಕಟ್ಟಿಕೊಂಡು ಹೊರಟವರಿಗೆ ಊರಿನವರು ಹೇಳುವ ಮಾತು ಒಂದೇ: ‘ಭಾರೀ ಸೆಖೆಯಂತಲ್ಲ, ಹುಷಾರು.’ ರಾಯಚೂರಿನ ಮೇ ತಿಂಗಳು ಕಂಡವರಿಗೆ ಅಲ್ಲಿಯ 32 ಡಿಗ್ರಿ ಯಾವ ಲೆಕ್ಕ? ಕಾಡುವುದು ಸೆಖೆಯಲ್ಲ, ತೇವ. ಭೂಮಧ್ಯರೇಖೆಗೆ ಬರೀ 137 ಕಿ.ಮೀ. ದೂರದ ದ್ವೀಪ, ಗಾಳಿಯ ತೇವಾಂಶ ಸರಾಸರಿ ಶೇ 80ರ ಮೇಲೆ, ನಸುಕಿನಲ್ಲಿ 90 ದಾಟುತ್ತದೆ. ‘ಇದೇನು ಮಹಾ, ನಮ್ಮ ಮಳೆಗಾಲದ ಆಟಿ ತಿಂಗಳ ಹಾಗೆ’ ಎಂದು ಮಂಗಳೂರಿನವರು ಮೂಗು ಮುರಿಯಬಹುದು. ಆದರೆ ಆಟಿಗೊಂದು ಕೊನೆ ಇದೆ. ಸಿಂಗಪುರದ ಕ್ಯಾಲೆಂಡರಿನಲ್ಲಿ ಹನ್ನೆರಡು ಹಾಳೆಯೂ ಒದ್ದೆ.

ಮೊದಲು ಕೈಕೊಡುವುದು ದೋಸೆ ಹಿಟ್ಟು. ಬೆಂಗಳೂರಿನ ಡಿಸೆಂಬರಿನಲ್ಲಿ ಕಂಬಳಿ ಹೊದಿಸಿ 14 ಗಂಟೆ ಕಾದರೂ ಮುನಿಸಿಕೊಂಡು ಕೂತಿರುವ ಹಿಟ್ಟು ಅಲ್ಲಿ ಆರೇಳು ಗಂಟೆಯಲ್ಲಿ ಎದ್ದು ಹೊರಟೇಬಿಡುತ್ತದೆ. ರಾತ್ರಿ ಎಂಟಕ್ಕೆ ರುಬ್ಬಿ, ಊರಿನ ಅಭ್ಯಾಸದಂತೆ ಮುಕ್ಕಾಲು ಪಾತ್ರೆ ತುಂಬಿಸಿ ಮಲಗಿದವರ ಮನೆಯಲ್ಲಿ ಬೆಳಗ್ಗೆ ಮುಚ್ಚಳ ಒಂದು ಕಡೆ, ಹಿಟ್ಟು ಚಮಚದ ಡ್ರಾಯರಿನೊಳಗೆ. ರುಬ್ಬುವಾಗಲೇ ಫ್ರಿಜ್ಜಿನ ತಣ್ಣೀರು ಹಾಕಬೇಕು. ಮಿಕ್ಸಿಯ ಬಿಸಿಯೂ ಸೇರಿಕೊಂಡರೆ ಹಿಟ್ಟಿಗೆ ಇನ್ನಷ್ಟು ಅವಸರ. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದಿನ ಹಿಟ್ಟಿಗೆ ಐದು ಲೀಟರಿನ ಪಾತ್ರೆ, ಅದರಡಿಗೆ ಅಂಚಿರುವ ತಟ್ಟೆ. ಉಬ್ಬಿದ ಕೂಡಲೇ ಫ್ರಿಜ್ಜು. ಎರಡು ಗಂಟೆ ಉದಾಸೀನ ಮಾಡಿದರೆ ಮಕ್ಕಳು ‘ಇದಕ್ಕೆ ಹುಣಸೆಹಣ್ಣು ಯಾಕೆ ಹಾಕಿದ್ದು?’ ಎನ್ನುತ್ತಾರೆ.

ಇನ್ನು ಬಟ್ಟೆ. ಹಳೆಯ ಎಚ್‌ಡಿಬಿ ಕಟ್ಟಡಗಳಲ್ಲಿ, ಅಂದರೆ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ, ಅಡುಗೆಮನೆ ಕಿಟಕಿಯ ಹೊರಗೋಡೆಗೆ ಕೊಳವೆಗಳನ್ನು ಕೂರಿಸಿರುತ್ತಾರೆ. ಬಿದಿರು ಕೋಲಿಗೆ ಬಟ್ಟೆ ಪೋಣಿಸಿ, ಕಿಟಕಿಯಾಚೆ ತೂರಿಸಿ, ಬುಡವನ್ನು ಕೊಳವೆಗೆ ಇಳಿಸಬೇಕು. ಧ್ವಜಾರೋಹಣದಷ್ಟೇ ಸುಲಭ, ಆದರೆ ಧ್ವಜಸ್ತಂಭ ಅಡ್ಡ ಮಲಗಿದೆ, ನೀವು ಎಂಟನೇ ಮಹಡಿಯಲ್ಲಿದ್ದೀರಿ. ಎರಡೂವರೆ ಮೀಟರಿನ ಕೋಲಿನ ತುದಿಗೆ ಒದ್ದೆ ಜೀನ್ಸ್ ಹಾಕಿದಿರೋ, ಹೈಸ್ಕೂಲಿನಲ್ಲಿ ಓದಿ ಮರೆತ ಸನ್ನೆಕೋಲಿನ ಪಾಠ ಮಣಿಕಟ್ಟಿಗೆ ನೆನಪಾಗುತ್ತದೆ. ಭಾರದ್ದೆಲ್ಲ ಬುಡದ ಕಡೆ. ಕರವಸ್ತ್ರ, ಬನಿಯನ್ನು ತುದಿಗೆ. ಬುಡದಲ್ಲಿ ಒಂದಡಿ ಖಾಲಿ ಬಿಡಬೇಕು, ಇಲ್ಲದಿದ್ದರೆ ಕೊಳವೆಯೊಳಕ್ಕೆ ಕೋಲಿನ ಜತೆ ಅಂಗಿಯ ತೋಳೂ ಇಳಿಯುತ್ತದೆ. ಪ್ರತಿ ಬಟ್ಟೆಗೂ ಎರಡೆರಡು ಕ್ಲಿಪ್ಪು. ಕೋಲೇ ಜಾರಿ ಕೆಳಗೆ ಬಿದ್ದರೆ ಅಲ್ಲಿಯ ಕಾನೂನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಆಕಾಶದ ಪಾಳಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ‘ಸುಮಾತ್ರ’ ಎಂದೇ ಕರೆಯುವ ಬಿರುಮಳೆಯ ಸಾಲು, ಪಕ್ಕದ ಸುಮಾತ್ರ ದ್ವೀಪದ ಕಡೆಯಿಂದ ಬೆಳಗಿನ ಜಾವ ನುಗ್ಗುತ್ತದೆ. ಗಾಳಿಯ ವೇಗ ಗಂಟೆಗೆ 40ರಿಂದ 80 ಕಿ.ಮೀ. ಆರು ಗಜದ ಸೀರೆ ಆಗ ಸೀರೆಯಾಗಿ ಉಳಿಯದೆ ಹಡಗಿನ ಹಾಯಿಯಾಗುತ್ತದೆ. ನಾಲ್ಕು ಮಡಿಕೆ ಮಾಡಿ ಹಾಕದಿದ್ದರೆ ಅದು ಆರನೇ ಮಹಡಿಯವರ ಕೋಲಿಗೆ ಸುತ್ತಿಕೊಂಡಿರುತ್ತದೆ. ಹೋಗಿ ಬಾಗಿಲು ತಟ್ಟಿ ‘ಆಂಟಿ’ ಎಂದರೆ ಆಯಿತು. ಗುರುತಿಲ್ಲದ ಹಿರಿಯ ಹೆಂಗಸರನ್ನು ಹಾಗೆ ಕರೆಯುವುದರಲ್ಲಿ ಬೆಂಗಳೂರಿಗೂ ಸಿಂಗಪುರಕ್ಕೂ ಭೇದವಿಲ್ಲ. ಮಧ್ಯಾಹ್ನದ ಗುಡುಗುಮಳೆ ಇದಕ್ಕಿಂತ ಸಭ್ಯ. ಹತ್ತು ನಿಮಿಷ ಮೊದಲೇ ಎದುರು ಕಟ್ಟಡದ ಕೋಲುಗಳು ಒಂದೊಂದಾಗಿ ಒಳಗೆ ಸರಿಯುತ್ತವೆ. ಹವಾಮಾನ ವರದಿಗಿಂತ ಅದು ನಂಬಿಕಸ್ತ.

ಕೋಲು ಒಳಗೆ ಬಂತು ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಖಾಲಿ ಕೊಳವೆಯಲ್ಲಿ ಮಳೆನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಡೆಂಗಿಯ ಈಡಿಸ್ ಸೊಳ್ಳೆ ಬಾಣಂತನ ಮಾಡಿಕೊಳ್ಳುತ್ತದೆ. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಸುಮಾರು ಒಂದು ವಾರ ಸಾಕು. ಅದಕ್ಕೇ ಕೊಳವೆಗಳಿಗೆ ಮುಚ್ಚಳ ಹಾಕಿ ಎಂಬ ಸೂಚನೆ, ಟಾರ್ಚ್ ಹಿಡಿದು ಮನೆಗೇ ಬಂದು ನೋಡುವ ಅಧಿಕಾರಿಗಳು. ಕನ್ನಡದ ಮನೆಗಳಲ್ಲಿ ಅವರಿಗೆ ನೋಡಲು ತುಸು ಹೆಚ್ಚೇ ಇರುತ್ತದೆ: ತುಳಸಿ ಕುಂಡದ ತಟ್ಟೆ, ದೇವರ ಮುಂದಿನ ತಾಮ್ರದ ಚೊಂಬು, ‘ಯಾವುದಕ್ಕಾದರೂ ಬೇಕಾದೀತು’ ಎಂದು ಬಾಲ್ಕನಿಯಲ್ಲಿಟ್ಟ ತೆಂಗಿನ ಚಿಪ್ಪು. ತುಳಸಿಗೆ ನೀರೆರೆದ ಪುಣ್ಯ ಎಷ್ಟೋ, ತಟ್ಟೆಯಲ್ಲಿ ಉಳಿದ ನೀರಿನಲ್ಲಿ ಸೊಳ್ಳೆಮರಿ ಸಿಕ್ಕರೆ ಲೆಕ್ಕ ಮಾತ್ರ 200 ಡಾಲರ್ ದಂಡದಿಂದ ಶುರು. ತಟ್ಟೆಯ ನೀರು ಚೆಲ್ಲಿದರೆ ಸಾಲದು, ಅಂಚನ್ನು ಉಜ್ಜಿ ತೊಳೆಯಬೇಕು; ಅಲ್ಲಿ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕುಂಡದ ಮಣ್ಣು ಗಟ್ಟಿಯಾಗಿದ್ದರೆ ಕೆದಕಿ ಬಿಡಿ, ಮೇಲೆಯೇ ನೀರು ನಿಲ್ಲದಂತೆ. ತಟ್ಟೆಯನ್ನೇ ತೆಗೆದುಬಿಡುವುದು ಎಲ್ಲಕ್ಕಿಂತ ಮೇಲು. ತುಳಸಿ ಬೇಜಾರು ಮಾಡಿಕೊಂಡ ಉದಾಹರಣೆ ಇಲ್ಲ.

ಬೀರುವಿನೊಳಗೆ ನಡೆಯುವುದು ಸದ್ದಿಲ್ಲದ ನಾಟಕ. ಮೈಸೂರು ಸಿಲ್ಕಿನ ಪಕ್ಕ ತೊಗಲಿನ ಬೆಲ್ಟಿಗೆ ಬೂದು ಗಡ್ಡ ಬೆಳೆದಿರುತ್ತದೆ. ಅದಕ್ಕೆಂದು ಅಂಗಡಿಯಲ್ಲಿ ತೇವ ಹೀರುವ ಡಬ್ಬಿ ಸಿಗುತ್ತದೆ: ಮೇಲೆ ಕ್ಯಾಲ್ಸಿಯಂ ಕ್ಲೋರೈಡಿನ ಬಿಳಿ ಹರಳು, ಕೆಳಗೆ ಅದು ಹೀರಿಳಿಸಿದ ನೀರು. ಮೂರು ನಾಲ್ಕು ವಾರದಲ್ಲಿ ಡಬ್ಬಿ ತುಂಬುತ್ತದೆ. ಅದು ತುಂಬಿದ್ದನ್ನು ಮರೆತ ದಿನವೇ ಯಾರದೋ ಮೊಣಕೈ ತಾಗುತ್ತದೆ. ಚೆಲ್ಲಿದ್ದು ಬರೀ ನೀರಲ್ಲ, ಉಪ್ಪುದ್ರಾವಣ. ಒಣಬಟ್ಟೆಯಲ್ಲಿ ಎಷ್ಟು ಒರೆಸಿದರೂ ಉಳಿದ ಉಪ್ಪು ಗಾಳಿಯಿಂದ ಮತ್ತೆ ನೀರೆಳೆದು ನೆಲ ಅಂಟಂಟು. ನೀರು ಹಾಕಿ ಮೂರು ಸಲ ಒರೆಸಬೇಕು. ತೊಗಲಿನ ಮೇಲೆ ಬಿದ್ದರೆ ಆ ತೊಗಲು ಸುಕ್ಕುಗಟ್ಟಿ ಕೆಟ್ಟಿತೆಂದೇ ಲೆಕ್ಕ, ಆದ್ದರಿಂದ ಡಬ್ಬಿಯ ಜಾಗ ಬೀರುವಿನ ತಳ, ಚೀಲಗಳಿಂದ ದೂರ. ರೇಷ್ಮೆಗೆ ಹಳೆ ಪಂಚೆಯ ಸುತ್ತು ಸಾಕು; ನ್ಯಾಫ್ತಲೀನ್ ಗುಳಿಗೆ ಜರಿಗೆ ತಾಗಬಾರದು.

ವಾಸನೆ ಓಡಿಸಲು ಸಾಂಬ್ರಾಣಿ ಹಾಕೋಣ ಎನ್ನುವ ಅತ್ತೆಯರಿದ್ದಾರೆ. 2018ರ ಜೂನ್‌ನಿಂದೀಚೆಗೆ ಅಲ್ಲಿ ಹೊಸ ಮನೆಗಳಿಗೆ ಹೊಗೆಯ ಅಲಾರಂ ಕಡ್ಡಾಯ. ಅದಕ್ಕೆ ಭಕ್ತಿಯ ಹೊಗೆ, ಬೆಂಕಿಯ ಹೊಗೆ ಎರಡೂ ಒಂದೇ.

ಶೂ ವಿಷಯ ಹೇಳದಿದ್ದರೆ ಆಗದು. ಮದುವೆಗೆ, ಸಂದರ್ಶನಕ್ಕೆ ಎಂದು ಜೋಪಾನ ಮಾಡಿದ ಜೋಡಿಯ ಅಡಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ, ತೇವ ಅದರ ಕಟ್ಟನ್ನೇ ಒಳಗಿಂದ ಬಿಡಿಸುತ್ತಿರುತ್ತದೆ. ಮೇಲ್ಭಾಗ ಫಳಫಳ. ಮೆಟ್ರೋ ಹತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಡಿ ಮಾತ್ರ ಹುರಿಹಿಟ್ಟಿನಂತೆ ಉದುರುತ್ತದೆ, ಬಂದ ದಾರಿಯುದ್ದಕ್ಕೂ ಕಪ್ಪು ರಂಗೋಲಿ. ಅಂಟು ಹಾಕಿ ಪ್ರಯೋಜನವಿಲ್ಲ, ಅಂಟಿಸಲು ಏನೂ ಉಳಿದಿರುವುದಿಲ್ಲ. ಡಬ್ಬದಲ್ಲಿ ಮುಚ್ಚಿಡದೆ ಆಗಾಗ ಹಾಕಿಕೊಂಡು ಓಡಾಡಿದ ಶೂ ಹೆಚ್ಚು ಬಾಳುತ್ತದೆ; ಹೊರಡುವ ಹಿಂದಿನ ದಿನ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ.

ಊರಿನಿಂದ ತಂದ ಉದ್ದಿನ ಹಪ್ಪಳದ ಕಥೆ ಚಿಕ್ಕದು. ಧಾರವಾಡದಲ್ಲಿ ಮುಟ್ಟಿದರೆ ಮುರಿಯುತ್ತಿದ್ದದ್ದು ಮೂರನೇ ದಿನ ಕರವಸ್ತ್ರದ ಹಾಗೆ ಮಡಚಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಫ್ರಿಜ್ಜು, ಡಬ್ಬಿಯ ತಣುಪು ಪೂರ್ತಿ ಹೋಗುವ ತನಕ ಮುಚ್ಚಳ ತೆಗೆಯದಿರುವುದು, ಇಷ್ಟೂ ಪಾಲಿಸಿದರೂ ಕರಿದ ಮೇಲೆ ಗರಿಗರಿ ಇರುವುದು ಸ್ವಲ್ಪ ಹೊತ್ತೇ. ಆದ್ದರಿಂದ ಅಲ್ಲಿಯ ಊಟದ ಕ್ರಮ ಬೇರೆ: ಎಲ್ಲರೂ ತಟ್ಟೆಯ ಮುಂದೆ ಕೂತು, ಸಾರು ಕಲಸಿಕೊಂಡು, ‘ಆಯ್ತಾ?’ ಎಂದು ಅಡುಗೆಮನೆಯಿಂದ ಕೂಗು ಬಂದು, ‘ಆಯ್ತು’ ಎಂದ ಮೇಲೆಯೇ ಎಣ್ಣೆಗೆ ಹಪ್ಪಳ.